ಕಣಕ ತೆಳುವಾದರೆ ಹೂರಣ ಹೊರಗೆ

ಹೋಳಿಗೆ ಮಾಡುವಾಗ ನಿಮಗೂ ಹೀಗಾಗಿರುತ್ತದೆ. ಮೇಲಿಂದ ನೋಡಿದರೆ ಹೋಳಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಎಲ್ಲೋ ಒಂದು ಕಡೆ ಕಣಕ ತೆಳುವಾಗಿದ್ದರೆ, ಕಾವಲಿಗೆ ಹಾಕಿದ ಕೂಡಲೇ ಅಲ್ಲೇ ಬಿರಿದು ಹೂರಣ ಹೊರಗೆ ಬರುತ್ತದೆ. ಹೃದಯದ ರಕ್ತನಾಳದಲ್ಲೂ ಹೀಗೇ ಆಗುತ್ತದೆಂದು ನನಗೆ ತಿಳಿದದ್ದು ನಮ್ಮ ಮನೆಯವರ ಕಾಯಿಲೆಯಿಂದ.

ಹೋದ ವರ್ಷ ಅವರಿಗೆ ಹೃದಯಾಘಾತವಾಯಿತು. ಮುಚ್ಚಿದ್ದ ನಾಳಕ್ಕೆ ಸ್ಟೆಂಟ್ ಹಾಕಿದರು. ಇನ್ನೊಂದು ನಾಳದಲ್ಲಿ ಅರ್ಧಕ್ಕಿಂತ ಕಡಿಮೆ ಬ್ಲಾಕ್ ಇದೆ, ಅದಕ್ಕೆ ಮಾತ್ರೆ ಸಾಕು ಅಂದರು. ಆರು ತಿಂಗಳಾದ ಮೇಲೆ ಒಂದು ದಿನ ಬೀರು ಒರೆಸುವಾಗ ಕೊಲೆಸ್ಟರಾಲ್ ಮಾತ್ರೆಯ ಶೀಟುಗಳು ಒಡೆಯದೆ ಹಾಗೇ ಸಿಕ್ಕವು. ಕೇಳಿದರೆ, "ಅರ್ಧವೂ ಮುಚ್ಚಿಲ್ಲವಲ್ಲೇ, ಎದೆನೋವೂ ಇಲ್ಲ. ಇನ್ನೂ ಯಾಕೆ ನುಂಗಬೇಕು?" ಅಂದರು. ನನಗೆ ಕೈಕಾಲು ತಣ್ಣಗಾಯಿತು. ಮಾರನೆಯ ದಿನವೇ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ಬೈಯಲಿಲ್ಲ. "ನೋಡಮ್ಮ, ಆಂಜಿಯೋಗ್ರಾಂನಲ್ಲಿ ರಕ್ತ ಹರಿಯುವ ದಾರಿ ಎಷ್ಟು ಅಗಲವಿದೆ ಅನ್ನುವುದಷ್ಟೇ ಕಾಣುತ್ತದೆ. ಗೋಡೆಯೊಳಗೆ ಏನು ತುಂಬಿದೆ ಅನ್ನುವುದು ಕಾಣುವುದಿಲ್ಲ" ಅಂದರು. ಅದನ್ನು ನೋಡಲು ಕೂದಲಿನಂಥ ತಂತಿಯ ಮೇಲೆ ಸಣ್ಣ ನಳಿಗೆಯನ್ನು ನಾಳದೊಳಗೇ ಕಳಿಸುತ್ತಾರಂತೆ. ಐವಸ್ ಎಂಬುದು ಬಸುರಿಯರ ಸ್ಕ್ಯಾನಿಂಗ್‌ನಂತೆ ಶಬ್ದದ ಅಲೆಗಳಿಂದ ನೋಡುತ್ತದೆ. ಓ.ಸಿ.ಟಿ. ಬೆಳಕಿನಿಂದ ನೋಡುತ್ತದೆ, ಇನ್ನೂ ಸೂಕ್ಷ್ಮ. ಕೊಬ್ಬಿನ ಹೂರಣದ ಮೇಲಿನ ಪೊರೆ ಒಂದು ಮಿಲಿಮೀಟರಿನ ಸಾವಿರದಲ್ಲಿ 65 ಪಾಲಿಗಿಂತ ತೆಳುವಾಗಿದ್ದರೆ ಬಿರಿಯುವ ಭಯವಿದೆ. ಬಿರಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನಮ್ಮವರ ಆ "ಅರ್ಧ ಬ್ಲಾಕ್" ಚಿತ್ರದಲ್ಲಿ ಪೊರೆ ತೆಳುವಾಗಿಯೇ ಇತ್ತು.

2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 697 ಹೃದ್ರೋಗಿಗಳ ನಾಳಗಳನ್ನು ಐವಸ್‌ನಿಂದ ನೋಡಿದ್ದರು. ಮೂರು ವರ್ಷದಲ್ಲಿ ಐವರಲ್ಲಿ ಒಬ್ಬರಿಗೆ ಮತ್ತೆ ತೊಂದರೆಯಾಯಿತು. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಸ್ಟೆಂಟ್ ಹಾಕದ ಬೇರೆ ಜಾಗಗಳಿಂದ. ಅವುಗಳಲ್ಲಿ ಎಷ್ಟೋ ಜಾಗಗಳು ಆಂಜಿಯೋಗ್ರಾಂನಲ್ಲಿ ಸಣ್ಣದಾಗಿ ಕಂಡಿದ್ದವೇ!

ಹಾಗಂತ ಗಾಬರಿಯಾಗಬೇಡಿ. ತೆಳು ಪೊರೆಯವೆಲ್ಲ ಬಿರಿಯುವುದಿಲ್ಲ. ಹೆಚ್ಚಿನವು ಸುಮ್ಮನೇ ಇರುತ್ತವೆ. "ನಮಗೂ ಆ ಪರೀಕ್ಷೆ ಮಾಡಿ" ಎಂದು ಕೇಳುವಂಥದ್ದೂ ಅಲ್ಲ. ಆಂಜಿಯೋಗ್ರಾಂ, ಸ್ಟೆಂಟ್ ಎಂದು ನಳಿಗೆ ಒಳಗೆ ಹೋದಾಗ, ಬೇಕಿದ್ದರೆ ಡಾಕ್ಟರೇ ಮಾಡುತ್ತಾರೆ.

ನಮ್ಮ ಕೈಯಲ್ಲಿರುವುದು ಕಣಕ ದಪ್ಪ ಮಾಡುವ ಕೆಲಸ. ಸ್ಟ್ಯಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆ ಮಾಡುವುದು ಅದನ್ನೇ: ಒಳಗಿನ ಕೊಬ್ಬನ್ನು ಕಡಿಮೆ ಮಾಡಿ, ಮೇಲಿನ ಪೊರೆಯನ್ನು ಗಟ್ಟಿ ಮಾಡುತ್ತದೆ. ನೋವಿಲ್ಲವೆಂದು ನಿಲ್ಲಿಸುವ ಮಾತ್ರೆ ಅಲ್ಲ ಅದು. ಮೈಕೈ ನೋವು ಬಂದರೂ ತಾವಾಗಿ ಬಿಡಬಾರದು, ಡಾಕ್ಟರಿಗೆ ಹೇಳಬೇಕು. ಬೀಡಿ ಸಿಗರೇಟು ಬಿಡಬೇಕು, ಬಿ.ಪಿ., ಸಕ್ಕರೆ ಹತೋಟಿಯಲ್ಲಿರಬೇಕು.

ಈಗ ರಾತ್ರಿ ಊಟಕ್ಕೆ ಮಜ್ಜಿಗೆ ಲೋಟದ ಪಕ್ಕದಲ್ಲೇ ಮಾತ್ರೆ ಇಡುತ್ತೇನೆ. ನುಂಗುವವರೆಗೂ ಎಲೆ ಎತ್ತುವುದಿಲ್ಲ. ಅವರು ನಗುತ್ತಾರೆ, ನಗಲಿ ಬಿಡಿ. ನೀವೂ ಇವತ್ತು ಒಮ್ಮೆ ನಿಮ್ಮ ಮನೆಯ ಬೀರು ತೆಗೆದು ನೋಡಿ, ಸೋದರಿಯರೇ.