ವೆಲ್ಲೂರು ಕೋಟೆಗೆ ಎಂಟೇ ಜನ ಸಾಕು

ನುಂಗಂಬಾಕ್ಕಂನ ನಮ್ಮ ಕನ್ನಡ ಬಳಗದಲ್ಲಿ ಈಗ ಯುರೋಪಿನ ಕೋಟೆಗಳ ಪ್ರವಾಸದ್ದೇ ಮಾತು. ಹೋಗಿಬರಲಿ, ಬೇಡವೆನ್ನುವುದಿಲ್ಲ. ಆದರೆ ಮೂರು ಗಂಟೆ ದೂರದ ವೆಲ್ಲೂರು ಕೋಟೆಯನ್ನು ಎಷ್ಟು ಮಕ್ಕಳು ನೋಡಿದ್ದಾರೆ? ವಿಜಯನಗರ ಕಾಲದ ಆ ಕೋಟೆಯಲ್ಲೇ 1799ರ ನಂತರ ಟಿಪ್ಪುವಿನ ಮಕ್ಕಳನ್ನು ಸೆರೆಯಿಟ್ಟದ್ದು. 1806ರ ಜುಲೈ 10ರಂದು ಸಿಪಾಯಿಗಳು ದಂಗೆಯೆದ್ದದ್ದೂ ಅಲ್ಲೇ.

ಕಳೆದ ತಿಂಗಳು ಎರಡು ಮನೆಯವರು ಸೇರಿ ಎಂಟೇ ಜನ ಹೋಗಿದ್ದೆವು. ‘ಅಪ್ಪಾ, ಇದು ಇವರ ಕೋಟೆಯೋ, ನಮ್ಮದೋ?’ ಎಂದಳು ಮಗಳು. ಜಲಕಂಠೇಶ್ವರ ಗುಡಿಯಲ್ಲಿ ಕೂತು ಅರ್ಧ ಗಂಟೆ ಅದನ್ನೇ ಮಾತಾಡಿದೆವು. ಐವತ್ತು ಜನರ ಬಸ್ಸಿನಲ್ಲಿ ಆ ಪ್ರಶ್ನೆಗೆ ಪುರುಸೊತ್ತು ಎಲ್ಲಿ? ‘ಇಬ್ಬರದ್ದೂ’ ಎಂದು ಮಕ್ಕಳಿಗೆ ಹೇಳಬೇಕಾದವರು ಹೊರನಾಡಿನ ನಾವೇ. ಮುಂದಿನದು ಜಿಂಜಿ ಕೋಟೆ.