ಅರಸು ರಸ್ತೆಯ ಚಾಲಗೇಣಿ

ಸೀರೆ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿಗೆ ಬುದ್ಧಿ ಹೇಳದವರೇ ಇಲ್ಲ. ಹತ್ತು ನಿಮಿಷ ಮುಂಚೆ ಹೋಗು. ನಗುಮುಖ ಇಟ್ಟುಕೋ. ಎದುರುತ್ತರ ಕೊಡಬೇಡ. ರಜೆ ಗಿಜೆ ಅಂತ ಬಾಯಿ ಬಿಡಬೇಡ. ಆರು ತಿಂಗಳು ಹಲ್ಲು ಕಚ್ಚಿಕೊಂಡು ಇದ್ದುಬಿಟ್ಟರೆ ಆಮೇಲೆ ಕನ್ಫರ್ಮ್ ಮಾಡುತ್ತಾರೆ. ಅಪ್ಪ ಹೇಳುತ್ತಾನೆ, ಕೆಲಸ ಕೊಡಿಸಿದ ಪಕ್ಕದ ಮನೆಯಕ್ಕ ಹೇಳುತ್ತಾಳೆ, ಕೌಶಲ್ಯ ತರಬೇತಿಯ ಸರ್ ಗೋಡೆಯ ಮೇಲೆ ಚಿತ್ರ ಬಿಟ್ಟು ಹೇಳುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಇವರು ಕಲಿಸುತ್ತಿರುವುದು ಪರೀಕ್ಷೆ ಪಾಸಾಗುವ ವಿದ್ಯೆ. ಅಂಗಡಿಯೊಳಗೆ ಪರೀಕ್ಷೆಯೇ ನಡೆಯುತ್ತಿಲ್ಲ. ಹುಡುಗಿ ಒಳಗೆ ಕಾಲಿಡುವ ಮೊದಲೇ ಫಲಿತಾಂಶ ಬರೆದಿಟ್ಟಾಗಿದೆ.

ಅಂಗಡಿಯ ಪಂಚಾಂಗ ತೆರೆದು ನೋಡಿ. ಆಷಾಢದಲ್ಲಿ ರಿಯಾಯಿತಿ ಮಾರಾಟದ ಬ್ಯಾನರ್ ಏರುತ್ತದೆ; ಅದರ ಮಗ್ಗುಲಲ್ಲೇ ‘ಸೇಲ್ಸ್ ಗರ್ಲ್ಸ್ ಬೇಕಾಗಿದ್ದಾರೆ’ ಎಂಬ ಬೋರ್ಡು. ಶ್ರಾವಣಕ್ಕೆ ವರಮಹಾಲಕ್ಷ್ಮಿ, ಭಾದ್ರಪದಕ್ಕೆ ಗೌರಿ, ಆಮೇಲೆ ದಸರೆ, ದೀಪಾವಳಿ, ಅದರ ಬೆನ್ನಿಗೆ ಮದುವೆಗಳು. ಅಷ್ಟೂ ದಿನ ಹುಡುಗಿ ಚುರುಕು, ಹುಡುಗಿ ಚಿನ್ನ. ಧನುರ್ಮಾಸ ಬಂತೋ, ಮದುವೆಯಿಲ್ಲ, ಗಿರಾಕಿಯಿಲ್ಲ. ಆಗ ಫ್ಲೋರ್ ಇನ್‌ಚಾರ್ಜ್‌ಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗುತ್ತದೆ: ಇವಳ ಪರ್ಫಾರ್ಮೆನ್ಸ್ ಸರಿಯಿಲ್ಲ. ‘ನಾಳೆಯಿಂದ ಬರೋದು ಬೇಡ ಕಣಮ್ಮ, ಸೀಜನ್‌ಗೆ ಫೋನ್ ಮಾಡ್ತೀವಿ.’ ಜುಲೈಯಲ್ಲಿ ಸೇರಿದವಳಿಗೆ ಜನವರಿಯಲ್ಲಿ ಆರು ತಿಂಗಳು ತುಂಬಬೇಕು. ಸಂಕ್ರಾಂತಿಗೆ ಎಳ್ಳು ಬೀರುವ ಹೊತ್ತಿಗೆ ಅವಳು ಮನೆಯಲ್ಲಿರುತ್ತಾಳೆ.

ಈ ಆರು ತಿಂಗಳ ಲೆಕ್ಕ ಆಕಾಶದಿಂದ ಉದುರಿದ್ದಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಹೇಳುವುದಿಷ್ಟು: ಸತತ ಆರು ತಿಂಗಳು ದುಡಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ; ಕಾರಣವಿದ್ದರೂ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ ಎಣಿಸಬೇಕು. ದುರ್ನಡತೆಯ ಆರೋಪ ಹೊರಿಸಿ ನೋಟಿಸಿಲ್ಲದೆ ಕಳಿಸಬೇಕೆಂದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಬೇಕು. ತೆಗೆದುಹಾಕಿಸಿಕೊಂಡವರು ಮೇಲ್ಮನವಿ ಹೋಗಬಹುದು. ದುಡಿಯುವವರ ಕಾಲಿನಡಿ ಒಂದಿಷ್ಟು ನೆಲ ಇರಲಿ ಎಂದು ಮಾಡಿದ ಕಾನೂನು ಇದು. ಅದನ್ನು ಬಾಯಿಪಾಠ ಮಾಡಿಕೊಂಡವರು ಮಾತ್ರ ಮಾಲೀಕರ ಆಡಿಟರುಗಳು. ಆರು ತಿಂಗಳಾದ ಮೇಲೆ ತೆಗೆಯುವಂತಿಲ್ಲವೇ? ಹಾಗಾದರೆ ಐದೂವರೆಗೇ ತೆಗೆ. ತೀರಾ ಬೇಕಾದ ಹುಡುಗಿಯೇ? ನಡುವೆ ಒಂದೆರಡು ವಾರ ಮನೆಗೆ ಕಳಿಸಿ ಮತ್ತೆ ಹೊಸದಾಗಿ ಸೇರಿಸಿಕೋ. ಅದೂ ಆಗದಿದ್ದರೆ ಅದೇ ಮಾಲೀಕನ ಹೆಂಡತಿಯದೋ ಭಾಮೈದನದೋ ಹೆಸರಿನ ಇನ್ನೊಂದು ಸಂಸ್ಥೆಯ ರಿಜಿಸ್ಟರಿಗೆ ದಾಟಿಸು. ಅವಳು ನಿಲ್ಲುವ ಕೌಂಟರ್ ಅದೇ, ಉಡುವ ಯೂನಿಫಾರಂ ಸೀರೆ ಅದೇ. ಸರ್ವಿಸ್ ಮಾತ್ರ ಸೊನ್ನೆಯಿಂದ ಶುರು.

ಈ ಆಟವನ್ನು ನಮ್ಮ ಮನೆಯವರು ಮೂರು ತಲೆಮಾರಿನ ಹಿಂದೆಯೇ ನೋಡಿದ್ದಾರೆ. ನನ್ನ ಅಜ್ಜ ದಕ್ಷಿಣ ಕನ್ನಡದಲ್ಲಿ ಚಾಲಗೇಣಿಗೆ ಗದ್ದೆ ಮಾಡಿದವರು. ಅಲ್ಲಿ ಎರಡು ಬಗೆಯ ಗೇಣಿಯಿತ್ತು. ಮೂಲಗೇಣಿಯವನನ್ನು ಸುಲಭಕ್ಕೆ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವನು ಧಣಿಯ ಮರ್ಜಿ ಇರುವಷ್ಟು ದಿನ. ಒಂದೇ ಗದ್ದೆಯಲ್ಲಿ ಒಕ್ಕಲು ಬಹಳ ವರ್ಷ ನಿಂತರೆ ನಾಳೆ ಹಕ್ಕು ಹೇಳಿಯಾನು ಎಂಬ ದಿಗಿಲಿಗೆ ಧಣಿಗಳು ಒಂದು ಉಪಾಯ ಹೂಡಿದ್ದರು. ಈ ವರ್ಷ ಬೈಲು ಬಿಡು, ಮಜಲು ಮಾಡು. ಮುಂದಿನ ವರ್ಷ ಮಜಲೂ ಬಿಡು, ಬೆಟ್ಟು ಗದ್ದೆಗೆ ಹೋಗು. ಬೆವರು ಹರಿಯುತ್ತಲೇ ಇರಬೇಕು, ಬೇರು ಮಾತ್ರ ಇಳಿಯಬಾರದು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಒಕ್ಕಲುಗಳು ಫಾರಂ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ಸಾಲುಗಟ್ಟಿದಾಗ ಏನಾಯಿತು? ಗೇಣಿ ಚೀಟಿ ಇದ್ದವನ ಮಾತು ನಡೆಯಿತು. ಬಾಯಿಮಾತಿನ ಮೇಲೆ ಗದ್ದೆ ಮಾಡಿದವನು ಸಾಕ್ಷಿ ಹುಡುಕಿಕೊಂಡು ಊರೂರು ಅಲೆದ. ಇವತ್ತು ಮೈಸೂರಿನಲ್ಲಿ ಬಟ್ಟೆ, ಒಡವೆಯ ಶೋರೂಮುಗಳು ಸಾಲಾಗಿ ಹೊಳೆಯುವ ಬೀದಿಗೆ ಅದೇ ಅರಸರ ಹೆಸರಿದೆ. ಪ್ರೊಬೇಷನ್ ಎನ್ನುವ ಚಾಲಗೇಣಿಯನ್ನು ನೋಡಲು ನಾನು ಊರಿಗೆ ಹೋಗಬೇಕಾಗಿಲ್ಲ. ಆ ಬೀದಿಯ ಫುಟ್‌ಪಾತ್ ಮೇಲೆ ನಿಂತು ಗಾಜಿನೊಳಗೆ ಇಣುಕಿದರೆ ಸಾಕು.

ಅಂಥದ್ದೊಂದು ಗಾಜಿನ ಹಿಂದೆ, ಯಾವ ಬೀದಿ ಎಂದು ಹೇಳುವುದಿಲ್ಲ, ನನಗೆ ಗೊತ್ತಿರುವ ಹುಡುಗಿಯೊಬ್ಬಳು ನಿಲ್ಲುತ್ತಾಳೆ. ಹುಣಸೂರು ಕಡೆಯವಳು; ಅರಸರು ಗೆದ್ದು ಬರುತ್ತಿದ್ದ ಕ್ಷೇತ್ರದವಳೇ. ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ ‘ಯಾವೂರಮ್ಮ’, ಎರಡನೆಯದು ‘ಯಾರ ಪೈಕಿ?’ ಯಾರು ರೇಷ್ಮೆ ಕೌಂಟರಿಗೆ, ಯಾರು ಗೋಡೌನಿಗೆ ಎಂಬುದು ಆ ಎರಡನೆಯ ಉತ್ತರದಲ್ಲೇ ಅರ್ಧ ತೀರ್ಮಾನವಾಗಿಬಿಡುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಬಸವಣ್ಣನ ಫೋಟೋ ಇದೆ, ದಿನಾ ಹೂವು ಏರುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನಿಗೆ, ಇದು ನಮಗೆ ಬೇಡ, ಇದ್ದಲ್ಲೇ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮ ಆ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತರೆ ಏನೆನ್ನುತ್ತಿದ್ದಳೋ!

ಮದುವೆ ಮನೆಯವರು ಒಟ್ಟು ಎಂಟು ಜನ ಬರುತ್ತಾರೆ. ಮುಹೂರ್ತದ ಸೀರೆ ಬೇಕು. ಅವರು ಕುರ್ಚಿಯಲ್ಲಿ ಕೂರುತ್ತಾರೆ, ಅವರಿಗೆ ಜ್ಯೂಸು ಬರುತ್ತದೆ. ಇವಳು ಒಂದೊಂದೇ ಸೀರೆ ಬಿಚ್ಚಿ ಹಾಸುತ್ತಾಳೆ. ‘ಇದೇ ಬಾರ್ಡರು, ಬೇರೆ ಕಲರ್ ತೋರ್ಸಮ್ಮ.’ ತನ್ನ ಭುಜದ ಮೇಲೆ ಸೆರಗು ಇಳಿಬಿಟ್ಟು ಕನ್ನಡಿ ಮುಂದೆ ತಿರುಗಿ ತೋರಿಸುತ್ತಾಳೆ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತಾ, ಕೌಂಟರಿನ ಮರೆಯಲ್ಲಿ ಚಪ್ಪಲಿ ಕಳಚಿ ತಣ್ಣಗಿನ ಟೈಲ್ಸ್ ಮೇಲೆ ಪಾದ ಒತ್ತುತ್ತಾಳೆ. ಎರಡು ಗಂಟೆ ಕಳೆದ ಮೇಲೆ ಅವರಲ್ಲೊಬ್ಬರು ‘ಇನ್ನೊಂದು ಕಡೆ ನೋಡ್ಕೊಂಡು ಬರ್ತೀವಿ’ ಎಂದು ಎದ್ದುಬಿಡುತ್ತಾರೆ. ಸೀರೆ ಬಿಚ್ಚುವುದು ಸುಲಭ, ಮಡಿಸುವುದು ಕಷ್ಟ. ಜರಿಯ ಅಂಚಿಗೆ ಅಂಚು ಕೂಡಬೇಕು, ಹಳೆಯ ಮಡಿಕೆಯ ಮೇಲೇ ಮಡಿಕೆ ಬೀಳಬೇಕು. ಅದನ್ನು ಮುಗಿಸುವ ಮೊದಲೇ ಇನ್‌ಚಾರ್ಜ್ ಒಂದು ಪುಸ್ತಕ ತಂದಿಡುತ್ತಾನೆ. ಅದರ ಹೆಸರು ವಾಕ್‌ಔಟ್ ರಿಜಿಸ್ಟರ್. ಗಿರಾಕಿ ಕೊಳ್ಳದೆ ಹೋದರೆ ಅದರ ಕಾರಣವನ್ನು ಕೌಂಟರಿನವಳು ತನ್ನ ಹೆಸರಿನ ಮುಂದೆ ತಾನೇ ಬರೆಯಬೇಕು. ‘ರೇಟು ಜಾಸ್ತಿ ಅಂದ್ರು’ ಎಂದು ಒಮ್ಮೆ ಬರೆದದ್ದಕ್ಕೆ ಅದನ್ನು ಹೊಡೆದುಹಾಕಿಸಿ, ‘ಸರಿಯಾಗಿ ತೋರಿಸಲಿಲ್ಲ’ ಎಂದು ಬರೆಸಿದರಂತೆ. ಧನುರ್ಮಾಸದಲ್ಲಿ ಪರ್ಫಾರ್ಮೆನ್ಸ್ ಸರಿಯಿಲ್ಲ ಎನ್ನಲು ಬೇಕಾದ ಸಾಕ್ಷ್ಯ ಹೀಗೆ, ಅವಳದೇ ಕೈಬರಹದಲ್ಲಿ, ದಸರೆಯಿಂದಲೇ ತಯಾರಾಗುತ್ತಿರುತ್ತದೆ.

ಮೂತ್ರಕ್ಕೆ ಹೋಗಲು ಅಪ್ಪಣೆ ಬೇಕು. ಆದ್ದರಿಂದ ನೀರು ಕುಡಿಯುವುದಿಲ್ಲ. ಆದ್ದರಿಂದ ಉರಿ, ಜ್ವರ. ಇಎಸ್‌ಐ ಕಾರ್ಡು ಕೇಳಿದರೆ ‘ಕನ್ಫರ್ಮ್ ಆದ್ಮೇಲೆ.’ ಸುಳ್ಳು. 21,000 ರೂಪಾಯಿಯೊಳಗಿನ ಸಂಬಳದವರಿಗೆ ಇಎಸ್‌ಐ ಕೆಲಸಕ್ಕೆ ಸೇರಿದ ದಿನದಿಂದಲೇ ಅನ್ವಯಿಸುತ್ತದೆ. ಹುಡುಗಿಯ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನದು ಮೂರೂಕಾಲು. ಆ ಮೂರೂಕಾಲು ಉಳಿಸಲು ಒಂದು ಜೀವದ ಮೂತ್ರಕೋಶವನ್ನು ಒತ್ತೆ ಇಡಲಾಗಿದೆ. ದಿನಕ್ಕೆ ಒಂಬತ್ತು, ವಾರಕ್ಕೆ ನಲವತ್ತೆಂಟು ಗಂಟೆ ಎಂಬುದೂ ಅದೇ 1961ರ ಕಾಯ್ದೆಯಲ್ಲಿದೆ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಎಂಬುದೂ ಇದೆ. ಶಟರ್ ಅರ್ಧ ಇಳಿದ ಮೇಲೆ ನಡೆಯುವ ಸ್ಟಾಕ್ ಟ್ಯಾಲಿ ಯಾವ ಗಂಟೆಯ ಲೆಕ್ಕಕ್ಕೆ? ಒಂದು ಬ್ಲೌಸ್ ಪೀಸ್ ಕಡಿಮೆ ಬಿದ್ದರೆ ಸಂಬಳದಲ್ಲಿ ಮುರಿಯುವುದು ಯಾವ ನ್ಯಾಯಕ್ಕೆ? 2025ರಲ್ಲಿ ನಮ್ಮ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಪೇಪರಿನಲ್ಲಿ ಓದಿ ಅವಳು ನಕ್ಕಳು. ಟ್ರಯಲ್ ಮೇಲಿರುವವಳು ವಾರದ ರಜೆಯನ್ನೇ ಬಾಯಿಬಿಟ್ಟು ಕೇಳುವ ಹಾಗಿಲ್ಲ.

ಹೊಸಬರನ್ನು ನಾಲ್ಕು ದಿನ ನೋಡಬಾರದೇ ಎಂದು ಮಾಲೀಕರು ಕೇಳುತ್ತಾರೆ. ನೋಡಿ ಸ್ವಾಮಿ, ಬೇಡ ಅಂದವರು ಯಾರು? ಸೀರೆ ಮಡಿಸಲು ಒಂದು ವಾರ, ಬಿಲ್ಲಿಂಗ್ ಕಲಿಯಲು ಇನ್ನೆರಡು ವಾರ. ಕಾಂಚೀಪುರಂ ಯಾವುದು, ಮೊಳಕಾಲ್ಮೂರು ಯಾವುದು, ಇಳಕಲ್ ಯಾವುದು ಎಂದು ಕೈಯಲ್ಲಿ ಹಿಡಿದು ಹೇಳಲು ಬೇಕಾದರೆ ಎರಡು ತಿಂಗಳು ಹಿಡಿಯಲಿ. ಆರು ತಿಂಗಳು ನೋಡಿ, ಮತ್ತೆ ಮೂರು ತಿಂಗಳು ‘ಎಕ್ಸ್‌ಟೆಂಡ್’ ಮಾಡಿ, ಆಮೇಲೂ ಅಂದಾಜು ಸಿಗಲಿಲ್ಲ ಎನ್ನುವವನ ಕಣ್ಣು ಪರೀಕ್ಷೆ ಮಾಡಿಸಬೇಕು. ಇಬ್ಬರು ಹುಡುಗರನ್ನು ಇಟ್ಟುಕೊಂಡು ತಾನೂ ಅವರ ಜೊತೆ ನಿಂತು ಒದ್ದಾಡುವ ಪುಟ್ಟ ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಮಾಲುಗಳಲ್ಲಿ ಏಜೆನ್ಸಿ ಪೇರೋಲ್ ಎಂಬ ಇನ್ನೊಂದು ಮಾಯಾಜಾಲವಿದೆ, ಅಲ್ಲಿ ಮಾಲೀಕ ಯಾರೆಂಬುದೇ ಕೆಲಸದವನಿಗೆ ಗೊತ್ತಿರುವುದಿಲ್ಲ. ಅದರ ಜಾತಕ ಬರೆಯಲು ಬೇರೆಯದೇ ಲೇಖನ ಬೇಕು.

ಮತ್ತೆ ಕಾಗದದ ವಿಚಾರ. ಕೆಲಸಕ್ಕೆ ಸೇರಿದ 30 ದಿನದೊಳಗೆ ಹೆಸರು, ಹುದ್ದೆ, ಸಂಬಳ, ಷರತ್ತುಗಳನ್ನು ಬರೆದ ನೇಮಕಾತಿ ಆದೇಶ ಕೊಡಬೇಕೆಂದು ನಮ್ಮ ಅಂಗಡಿ ಕಾಯ್ದೆಯ 6-ಎ ಸೆಕ್ಷನ್ ಹೇಳುತ್ತದೆ. ಟ್ರಯಲ್‌ನವರಿಗೆ ಬೇಡ ಎಂದು ಅಲ್ಲೆಲ್ಲೂ ಇಲ್ಲ. ಕೊಡುವ ಕೆಲವರೂ ಇಂಗ್ಲಿಷಿನಲ್ಲಿ ಕೊಡುತ್ತಾರೆ, ಓದುವ ಮೊದಲೇ ರುಜು ಹಾಕಿಸಿಕೊಳ್ಳುತ್ತಾರೆ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಗಿ ಅಂಗಡಿಯ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯವಾಯಿತು. ಅದಕ್ಕಾಗಿ ಬೀದಿಗಿಳಿದವರ ಮೇಲೆ ನನಗೆ ಗೌರವವಿದೆ. ಆದರೆ ಅಣ್ಣಂದಿರಾ, ಬೋರ್ಡಿನ ಕೆಳಗೆ ದಿನವಿಡೀ ಕನ್ನಡದಲ್ಲಿ ಬೈಸಿಕೊಳ್ಳುವ ಹುಡುಗಿಯ ನೇಮಕಾತಿ ಪತ್ರ ಯಾವ ಭಾಷೆಯಲ್ಲಿದೆ, ಅಸಲಿಗೆ ಅಂಥದ್ದೊಂದು ಪತ್ರ ಇದೆಯೇ ಎಂದು ಒಳಗೆ ಹೋಗಿ ಒಮ್ಮೆ ಕೇಳಬಾರದಿತ್ತೇ? ಕಾರ್ಮಿಕ ನಿರೀಕ್ಷಕರಾದರೂ ಕೇಳುತ್ತಾರೆಯೇ? ಅವರು ಬಂದಾಗ ನೋಡುವುದು ರಿಜಿಸ್ಟರನ್ನು. ಟ್ರಯಲ್‌ನವರ ಹೆಸರು ರಿಜಿಸ್ಟರಿನಲ್ಲೇ ಇರುವುದಿಲ್ಲ.

ಇದೆಲ್ಲ ಹಣೆಬರಹ ಎನ್ನುವವರು ಕೋಝಿಕ್ಕೋಡಿನ ಮಿಠಾಯಿ ತೆರುವಿಗೆ ಹೋಗಿ ಬರಲಿ. ಅಲ್ಲಿ ಪಿ. ವಿಜಿ ಎಂಬ ಹೊಲಿಗೆ ಕೆಲಸದ ಹೆಂಗಸು ಅಂಗಡಿ ಹೆಣ್ಣುಮಕ್ಕಳನ್ನು ಕೂಡಿಸಿ ‘ಪೆಣ್‌ಕೂಟ್ಟು’ ಕಟ್ಟಿದರು. ಮೂತ್ರಕ್ಕೆ ಹೋಗಲು ಜಾಗ ಕೊಡಿ ಎಂಬಲ್ಲಿಂದ ಎದ್ದ ಜಗಳ ಕೂರಲು ಸ್ಟೂಲು ಕೊಡಿ ಎಂಬಲ್ಲಿಗೆ ಬೆಳೆಯಿತು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನೇ ತಿದ್ದಿ ಕೂರುವ ಹಕ್ಕು ಬರೆಯಬೇಕಾಯಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಆ ಹೆಂಗಸರು ನಗುಮುಖ ತೋರಿಸಿ ಕುರ್ಚಿ ಪಡೆಯಲಿಲ್ಲ.

ಆದ್ದರಿಂದ ಹೊಸದಾಗಿ ಸೇರುವ ತಂಗಿಯರಿಗೆ ನಾನು ಹೇಳುವ ಬುದ್ಧಿ ಬೇರೆ. ಮೊದಲ ತಿಂಗಳಿನಿಂದಲೇ ಕಾಗದ ಕೂಡಿಡಿ. ಡ್ಯೂಟಿ ಹಾಕುವ ವಾಟ್ಸಾಪ್ ಗ್ರೂಪಿನ ಸಂದೇಶಗಳನ್ನು ಅಳಿಸಬೇಡಿ, ಫೋಟೋ ತೆಗೆದಿಡಿ. ಸಂಬಳ ಕೈಗೆ ಕೊಟ್ಟರೆ ಬ್ಯಾಂಕಿಗೆ ಹಾಕಿ ಎಂದು ಕೇಳಿ. ಪಾಸ್‌ಬುಕ್ಕಿನ ಒಂದು ಸಾಲು ನಾಳೆ ನಿಮ್ಮ ಗೇಣಿ ಚೀಟಿ. ಪಿಎಫ್, ಇಎಸ್‌ಐ ನಂಬರು ಕೇಳಿ. ಒಬ್ಬಳೇ ಕೇಳಬೇಡಿ.

ಹುಣಸೂರಿನ ಹುಡುಗಿ ಮೊದಲು ಒಬ್ಬಳೇ ಕೇಳಿದ್ದಳು. ‘ಮೂರು ವರ್ಷ ಇದ್ದೋರೇ ಆರ್ಡರ್ ಕೇಳಿಲ್ಲ, ನಿಂಗೇನಮ್ಮ ಅರ್ಜೆಂಟು?’ ಎಂದು ಮ್ಯಾನೇಜರ್ ಎಲ್ಲರೆದುರು ಗದರಿದ. ಅದೇ ಅವನಿಗೆ ಮುಳುವಾಯಿತು. ಮೂರು ವರ್ಷದಿಂದ ಇದ್ದವರು ಪಕ್ಕದ ಕೌಂಟರಿನಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆ ವಾರವೇ ಐದು ಜನರ ರುಜು ಬಿದ್ದ ಅರ್ಜಿ, ಕನ್ನಡದಲ್ಲಿ, ಗಲ್ಲಾಪೆಟ್ಟಿಗೆಗೆ ಹೋಯಿತು. ಅದರ ನಕಲಿನ ಮೇಲೆ ಅಂಗಡಿಯ ಸೀಲು ಒತ್ತಿಸಿಕೊಂಡೇ ಬಂದರು. ಹದಿನೈದು ದಿನ ಸತಾಯಿಸಿ ಕೊನೆಗೆ ಆದೇಶ ಕೊಟ್ಟಿದ್ದಾರೆ, ಐವರಿಗೂ ಡಿಸೆಂಬರ್ ಒಂದರಂದು ಸೇರಿದಂತೆ ತೋರಿಸಿ. ಹುಡುಗಿ ಅದನ್ನು ಟೇಬಲ್ಲಿನ ಮೇಲಿಟ್ಟು, ‘ನಾನು ಸೇರಿದ್ದು ಜುಲೈಯಲ್ಲಿ, ಸರಿಯಾದ ತಾರೀಕು ಹಾಕಿಕೊಡಿ ಸರ್’ ಎಂದು ವಾಪಸ್ ಮಾಡಿದ್ದಾಳೆ. ಉಳಿದ ನಾಲ್ವರೂ ತಮ್ಮ ಕಾಗದವನ್ನು ಅದರ ಮೇಲೇ ಇಟ್ಟಿದ್ದಾರೆ.