ಕಷ್ಟಕ್ಕೆ ಹರಕೆಯುಂಟು, ಅವಗುಣಕ್ಕೆ?

ಶನಿವಾರ ಬೆಳಿಗ್ಗೆ ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿ ದೇವಸ್ಥಾನಕ್ಕೆ ಹೋಗಿಬರುವುದು ನನಗೆ ಬಹು ವರ್ಷಗಳ ರೂಢಿ. ಶ್ರೀಗಂಧದ ಕಾವಲ್‌ನ ನಮ್ಮ ಮನೆಯಿಂದ ಬೇಗನೆ ಹೊರಟರೆ ಜನಸಂದಣಿ ಹೆಚ್ಚುವ ಮುನ್ನ ದರ್ಶನ ಮುಗಿಯುತ್ತದೆ. ಅಲ್ಲಿನ ಮೂರ್ತಿಯನ್ನು ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬುದು ಪ್ರತೀತಿ. ಹೊರಗೆ ಹೊಸ ವಾಹನಗಳ ಪೂಜೆ ನಡೆಯುತ್ತಿರುತ್ತದೆ, ನಿಂಬೆಹಣ್ಣುಗಳು ಚಕ್ರದಡಿಯಲ್ಲಿ ಸಾಲಾಗಿರುತ್ತವೆ. ಸರದಿಯಲ್ಲಿ ನಿಂತವನ ಕಿವಿಗೆ ಅಕ್ಕಪಕ್ಕದವರ ಮಾತು ಬೀಳುವುದು ಸಹಜ. ಮಗಳಿಗೆ ಗಂಡು ಗೊತ್ತಾಗಲಿ, ಮಗನಿಗೆ ಕೆಲಸ ಖಾಯಂ ಆಗಲಿ, ಸೈಟಿನ ತಗಾದೆ ಬಗೆಹರಿಯಲಿ, ಆಪರೇಷನ್ ಸುಸೂತ್ರವಾಗಿ ನಡೆಯಲಿ ಎಂದು ಒಬ್ಬೊಬ್ಬರದು ಒಂದೊಂದು ಹರಕೆ. ಇವುಗಳಲ್ಲಿ ಯಾವುದನ್ನೂ ನಾನು ಹಗುರವಾಗಿ ಕಾಣಲಾರೆ, ಇಂಥ ಹರಕೆಗಳನ್ನು ನಾನೂ ಹೊತ್ತವನೇ.

ಆದರೆ ಇಷ್ಟು ವರ್ಷಗಳಲ್ಲಿ, "ನನ್ನ ನಾಲಗೆ ಕೆಟ್ಟದ್ದು, ಅದನ್ನು ತಿದ್ದು ಸ್ವಾಮಿ" ಎಂದು ಹರಕೆ ಹೊತ್ತವರ ಮಾತು ನನ್ನ ಕಿವಿಗೆ ಬಿದ್ದದ್ದಿಲ್ಲ. ಕಷ್ಟವನ್ನು ನಾವು ದೇವರ ಮುಂದೆ ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ, ಅವಗುಣವನ್ನು ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೂ ಮನಸ್ಸಿನೊಳಗೇ, ಯಾರಿಗೂ ಕೇಳಿಸದಂತೆ. ಹೀಗೆ ಒಳಗೊಳಗೇ ಹೇಳಿಕೊಂಡರೆ ಸಾಕೇ ಎಂಬುದು ನನ್ನ ಪ್ರಶ್ನೆ. ಸಾಲದು ಎಂದು ಹೇಳಲು ನನಗೆ ನನ್ನ ಬದುಕಿನಲ್ಲೇ ಕಾರಣವಿದೆ.

ನನ್ನ ಅವಗುಣ ಕೋಪ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಪಾಠ ಚೆನ್ನಾಗಿ ಮಾಡುತ್ತಿದ್ದೆನೆಂದು ಹಳೆಯ ವಿದ್ಯಾರ್ಥಿಗಳು ಇಂದಿಗೂ ಹೇಳುತ್ತಾರೆ. ತರಗತಿಗೆ ಕಾಲಿಟ್ಟರೆ ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದವಿರುತ್ತಿತ್ತು ಎಂದೂ ಹೇಳುತ್ತಾರೆ. ಅದನ್ನು ನಾನು ಬಹುಕಾಲ ಹೊಗಳಿಕೆಯೆಂದೇ ತಿಳಿದಿದ್ದೆ. 1988ರಲ್ಲಿ ಒಂದು ದಿನ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸತತ ಮೂರನೆಯ ಸಲ ಚಿತ್ರ ಬರೆಯದೆ ಬಂದಾಗ, ಮರದ ಅಳತೆಪಟ್ಟಿಯಿಂದ ಅವನನ್ನು ಹೊಡೆದೆ. ಅಂಚು ಹುಬ್ಬಿನ ಮೇಲೆ ತಗುಲಿ ರಕ್ತ ಬಂತು. ಎರಡು ವಾರಗಳ ಬಳಿಕ ಅವನು ಶಾಲೆಗೆ ಬರುವುದನ್ನೇ ಬಿಟ್ಟ. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ, ಆ ಕಾಲದಲ್ಲಿ ಪ್ರಶ್ನಿಸುತ್ತಲೂ ಇರಲಿಲ್ಲ. ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಅದರ 17ನೆಯ ಕಲಮನ್ನು ಓದಿದ ದಿನ ನನಗೆ ಮೊದಲು ನೆನಪಾದದ್ದು ಆ ಹುಬ್ಬು.

ಅಂದಿನಿಂದ ನನ್ನ ಪ್ರಾರ್ಥನೆಗೆ ಹೊಸದೊಂದು ಸಾಲು ಸೇರಿಕೊಂಡಿತು. "ಆ ಹುಡುಗನನ್ನು ಹೊಡೆದೆ, ಕ್ಷಮಿಸು, ಈ ಕೋಪವನ್ನು ತೆಗೆದುಬಿಡು." ದಿನವೂ ಸ್ನಾನವಾದ ಮೇಲೆ ಕಣ್ಣು ಮುಚ್ಚಿ ಹೇಳುತ್ತಿದ್ದೆ, ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೆ. ಕೋಪ ಹೋಗಲಿಲ್ಲ. ಬೆತ್ತ ಕೈಬಿಟ್ಟೆನಾದರೂ ನಾಲಗೆ ಬೆತ್ತದ ಕೆಲಸವನ್ನು ವಹಿಸಿಕೊಂಡಿತು. ದೇವರು ಕೇಳಿಸಿಕೊಳ್ಳುತ್ತಿಲ್ಲವೆಂದು ನಾನು ಬೇಸರಪಟ್ಟದ್ದೂ ಉಂಟು.

ನಮ್ಮ ನಾಡಿನ ಭಕ್ತಿಯ ಪರಂಪರೆಯನ್ನು ಗಮನಿಸಿದರೆ ನಾನು ಎಲ್ಲಿ ತಪ್ಪಿದೆನೆಂಬುದು ತಿಳಿಯುತ್ತದೆ. 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ತಮ್ಮ ಮನಸ್ಸಿನ ಚಾಂಚಲ್ಯವನ್ನು, ತಮ್ಮ ಕೊರತೆಗಳನ್ನು ಕೂಡಲಸಂಗಮದೇವನ ಮುಂದೆ ವಚನಗಳಾಗಿ ತೋಡಿಕೊಂಡರು. ಆ ವಚನಗಳು ದೇವರೊಬ್ಬನಿಗೇ ಕೇಳಿಸಿದವಲ್ಲ. ಶರಣರು ಕೇಳಿದರು, ಎಂಟು ಶತಮಾನಗಳ ಬಳಿಕ ನಾವೂ ಓದುತ್ತಿದ್ದೇವೆ. ಅಧಿಕಾರದಲ್ಲಿದ್ದ ಮನುಷ್ಯನೊಬ್ಬ ತನ್ನ ದೌರ್ಬಲ್ಯವನ್ನು ನಾಲ್ಕು ಜನರ ಕಿವಿಗೆ ಬೀಳುವಂತೆ ಹೇಳಿಕೊಳ್ಳುವುದು ಸಣ್ಣ ಮಾತಲ್ಲ.

ಪುರಂದರದಾಸರ ಕಥೆಯನ್ನೂ ನಾವೆಲ್ಲ ಕೇಳಿಯೇ ಬೆಳೆದವರು. ಶ್ರೀನಿವಾಸನಾಯಕನೆಂಬ ಜಿಪುಣ ವರ್ತಕ, ಬಡಬ್ರಾಹ್ಮಣನಿಗೆ ಹೆಂಡತಿ ದಾನ ಮಾಡಿದ ಮೂಗುತಿ, ಅದೇ ಮೂಗುತಿ ಆತನ ಅಂಗಡಿಗೇ ಮಾರಾಟಕ್ಕೆ ಬಂದದ್ದು. ಇದು ಐತಿಹ್ಯ, ಇತಿಹಾಸವೆಂದು ನಾನು ವಾದಿಸುವುದಿಲ್ಲ. ಆದರೆ ಕಥೆ ಹೇಳುವ ಮಾತು ವಿವೇಕದ್ದು. "ನನ್ನ ಜಿಪುಣತನ ಕಳೆ" ಎಂದು ಬೇಡಿಕೊಳ್ಳುತ್ತ ಆತ ಅಂಗಡಿಯಲ್ಲೇ ಕುಳಿತಿರಲಿಲ್ಲ. ಸಂಪತ್ತನ್ನು ಬಿಟ್ಟು ಹೊರಬಂದು ವ್ಯಾಸರಾಯರ ಶಿಷ್ಯನಾದ. ಕೂಡಿಡುತ್ತಿದ್ದ ಕೈಗೆ ಮಧುಕರಿಯ ಪಾತ್ರೆ ಬಂತು. ದೇವರ ಸಹಾಯ ಒದಗಿದ್ದು ಅವನು ಎದ್ದು ಹೊರಟಾಗ.

ಇದು ಹಳೆಯ ಕಾಲದ ಮಾತಾಯಿತು ಎನ್ನುವವರು ನಮ್ಮ ಕಾಲದ ಮದ್ಯವರ್ಜನ ಶಿಬಿರಗಳನ್ನು ನೋಡಬಹುದು. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಗಳ ಆಶ್ರಯದಲ್ಲಿ ಈ ಶಿಬಿರಗಳು ರಾಜ್ಯದ ಎಷ್ಟೋ ಊರುಗಳಲ್ಲಿ ನಡೆದಿವೆ. ಕುಡಿತ ಬಿಡಬೇಕೆನ್ನುವವರು ಎಂಟು ದಿನ ಮನೆಯಿಂದ ದೂರವಿದ್ದು, ಒಟ್ಟಿಗೆ ಉಂಡು, ಭಜನೆ, ಯೋಗ, ಆಪ್ತಸಲಹೆಗಳಲ್ಲಿ ಕಾಲ ಕಳೆಯುತ್ತಾರೆ. ಮನೆಯವರನ್ನೂ ಈ ಕೆಲಸದಲ್ಲಿ ಸೇರಿಸಿಕೊಳ್ಳುತ್ತಾರೆ. ಶಿಬಿರ ಮುಗಿದ ಮೇಲೆ, ಬಿಟ್ಟವರು ಮತ್ತೆ ಜಾರದಂತೆ ಒಬ್ಬರಿಗೊಬ್ಬರು ಆಸರೆಯಾಗಿರಲು ನವಜೀವನ ಸಮಿತಿಗಳಿವೆ. ಮಂಜುನಾಥಸ್ವಾಮಿಯ ಮೇಲಿನ ಭಕ್ತಿ ಅಲ್ಲಿ ದೊಡ್ಡ ಬಲ, ನಿಜ. ಆದರೆ ಭಕ್ತಿಯನ್ನು ನೆಚ್ಚಿ ಆ ಮನುಷ್ಯನನ್ನು ಒಂಟಿಯಾಗಿ ಬಿಡುವುದಿಲ್ಲ ಎಂಬುದನ್ನು ಗಮನಿಸಬೇಕು.

ದೂರದ ಅಮೆರಿಕದಲ್ಲೂ ಇದೇ ದಾರಿಯನ್ನು ಕಂಡುಕೊಂಡವರಿದ್ದಾರೆ. 1935ರಲ್ಲಿ ಒಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ಕುಡಿತಕ್ಕೆ ಸಿಕ್ಕಿ ನೊಂದಿದ್ದ ಇಬ್ಬರು ಭೇಟಿಯಾದರು. ಒಬ್ಬ ಷೇರು ವ್ಯವಹಾರದ ಬಿಲ್ ವಿಲ್ಸನ್, ಇನ್ನೊಬ್ಬ ಶಸ್ತ್ರವೈದ್ಯ ಬಾಬ್ ಸ್ಮಿತ್. ಅವರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟದ ಸಭೆಗಳು ಬೆಂಗಳೂರಿನಲ್ಲೂ ನಡೆಯುತ್ತವೆ. 1939ರಲ್ಲಿ ಅವರು ಪ್ರಕಟಿಸಿದ ಹನ್ನೆರಡು ಮೆಟ್ಟಿಲುಗಳ ಕ್ರಮವನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ದೇವರನ್ನು ಅವರವರ ಅರಿವಿಗೆ ಬಂದಂತೆ ನಂಬಬಹುದು. ಆದರೆ "ನನ್ನ ಕುಂದುಗಳನ್ನು ಕಳೆ" ಎಂದು ಅವನನ್ನು ಬೇಡುವ ಮೆಟ್ಟಿಲು ಏಳನೆಯದು. ಅದಕ್ಕೂ ಮುನ್ನ, ಐದನೆಯ ಮೆಟ್ಟಿಲಿನಲ್ಲಿ, ತನ್ನ ತಪ್ಪುಗಳನ್ನು ದೇವರಿಗೆ, ತನಗೆ, ಮತ್ತು ಇನ್ನೊಬ್ಬ ಮನುಷ್ಯನಿಗೆ ಒಪ್ಪಿ ಹೇಳಬೇಕು. ಬೇಡಿಕೊಂಡ ಮೇಲೂ ಮುಗಿಯಲಿಲ್ಲ. ತನ್ನಿಂದ ನೊಂದವರ ಪಟ್ಟಿ ಮಾಡಿ, ಅವರಿಗೆ ಮತ್ತೆ ನೋವಾಗುವಂತಿಲ್ಲದಿದ್ದರೆ, ಸಾಧ್ಯವಾದಲ್ಲೆಲ್ಲ ನೇರವಾಗಿ ಹೋಗಿ ಸರಿಪಡಿಸಬೇಕು. 2020ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ವಿಮರ್ಶಿಸುವ ಕಾಕ್ರೇನ್ ಸಂಸ್ಥೆ, ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿತು. ಪೂರ್ಣವಾಗಿ ಕುಡಿತ ಬಿಟ್ಟು ಮುಂದುವರಿಯುವುದರಲ್ಲಿ ಈ ಕೂಟ ಮತ್ತು ಅದಕ್ಕೆ ಜನರನ್ನು ಸೇರಿಸುವ ಚಿಕಿತ್ಸಾಕ್ರಮಗಳು, ರೂಢಿಯಲ್ಲಿರುವ ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚಿನ ಫಲ ಕೊಡುತ್ತವೆಂಬ ನಿರ್ಣಯಕ್ಕೆ ಬಂದಿತು. ದೇವರ ಕೃಪೆಯನ್ನು ಅಳೆಯುವುದು ಆ ವಿದ್ವಾಂಸರ ಕೆಲಸವಾಗಿರಲಿಲ್ಲ. ಆದರೆ ಒಪ್ಪಿಕೊಳ್ಳುವ ಬಾಯಿ, ಕೇಳಿಸಿಕೊಳ್ಳುವ ಕಿವಿ ಇವೆರಡೂ ಅಲ್ಲಿದ್ದವು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ವಿಜ್ಞಾನದ ಮೇಷ್ಟ್ರಾದ್ದರಿಂದ ಒಂದು ಮರದ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಬಡಾವಣೆಯ ಹೆಸರಿನಲ್ಲಿರುವ 'ಕಾವಲ್' ಎಂದರೆ ಹಿಂದೆ ಮೇವಿಗೋ ಮರಗಳಿಗೋ ಕಾಯ್ದಿರಿಸಿದ ನೆಲ. ಈಗ ಇಲ್ಲಿ ಮನೆಗಳ ಸಾಲೇ ಕಾಣುತ್ತದೆ, ಶ್ರೀಗಂಧ ಹೆಸರಿನಲ್ಲಿ ಮಾತ್ರ ಉಳಿದಿದೆ. ಶ್ರೀಗಂಧ ಅರೆಪರಾವಲಂಬಿ ಸಸ್ಯ. ಅದರ ಬೇರು ನೆಲದಡಿಯಲ್ಲಿ ಪಕ್ಕದ ಗಿಡದ ಬೇರನ್ನು ಹಿಡಿದು ನೀರನ್ನೂ ಲವಣಗಳನ್ನೂ ಹೀರುತ್ತದೆ. ಹಾಗಾಗಿಯೇ ಸಸಿ ಬೆಳೆಸುವವರು ಅದರ ಜೊತೆಗೆ ತೊಗರಿಯನ್ನೋ ಇನ್ನಾವುದಾದರೂ ಗಿಡವನ್ನೋ ಬೆಳೆಸುತ್ತಾರೆ, ಆಸರೆಯಿಲ್ಲದ ಸಸಿ ಸೊರಗುತ್ತದೆ. ಆದರೆ ಅದಕ್ಕೆ ತನ್ನದೇ ಹಸಿರೆಲೆಗಳೂ ಇವೆ, ಬಿಸಿಲಿನಲ್ಲಿ ನಿಂತು ತನ್ನ ಆಹಾರವನ್ನು ತಾನು ಮಾಡಿಕೊಳ್ಳಲೇಬೇಕು. ಅದರ ಪರಿಮಳವಾದರೂ ಎಳೆಯ ಮರದಲ್ಲಿ ಸಿಗುವುದಿಲ್ಲ, ವರ್ಷಗಳು ಕಳೆದು ಚೇಗು ಕಟ್ಟಿದ ಮೇಲೆ ಸಿಗುತ್ತದೆ. ದೇವರನ್ನು ನಂಬುವವನ ಸ್ಥಿತಿಯೂ ಇಂಥದ್ದೇ ಎಂದು ನನಗನಿಸುತ್ತದೆ. ಆಸರೆ ಬೇಕು, ತನ್ನ ಎಲೆಯೂ ಬೇಕು, ಕಾಯುವ ತಾಳ್ಮೆಯೂ ಬೇಕು.

ಇನ್ನು ಕಷ್ಟದ ಮಾತು. ನನ್ನ ಶ್ರೀಮತಿಗೆ 2012ರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿತು. ನಾಲ್ಕು ವರ್ಷ, ವಾರಕ್ಕೆ ಮೂರು ದಿನ ಡಯಾಲಿಸಿಸ್. ನಾನು ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಅವಳು ಉಳಿಯಲಿಲ್ಲ. ಆದ್ದರಿಂದ ನಂಬಿದವರ ಕಷ್ಟವನ್ನೆಲ್ಲ ದೇವರು ನಿವಾರಿಸುತ್ತಾನೆಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ನಂಬಿಕೆಯೆಂದು ವೈದ್ಯರನ್ನು ಬಿಡುವುದಂತೂ ಅವಿವೇಕ. ಆ ನಾಲ್ಕು ವರ್ಷಗಳಲ್ಲಿ ನನಗೆ ದೊರೆತ ಸಹಾಯ ನಾನು ಕೇಳಿಕೊಂಡಿದ್ದ ರೂಪದಲ್ಲಿ ಬರಲಿಲ್ಲ. ಬಂದದ್ದು ಅವಳ ಬಾಯಿಯಿಂದ. ಒಂದು ಮಧ್ಯಾಹ್ನ ಆಸ್ಪತ್ರೆಯ ಹಾಸಿಗೆಯಲ್ಲಿ, ನರ್ಸಿನ ಮೇಲೆ ನಾನು ರೇಗಿ ಬಂದು ಕುಳಿತಾಗ, ಅವಳು ಮೆಲ್ಲಗೆ ಹೇಳಿದಳು: "ಆ ಹುಡುಗನ ವಿಷಯ ದಿನಾ ದೇವರ ಹತ್ತಿರ ಹೇಳ್ತೀರಲ್ಲ, ಅವನ ಹತ್ತಿರ ಯಾವತ್ತಾದರೂ ಹೇಳಿದ್ದೀರಾ?"

ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೇನೆಂದು ತಿಳಿದಿದ್ದೆ. ತುಟಿ ಅಲುಗುತ್ತಿದ್ದುದನ್ನು ಅವಳು ಎಷ್ಟು ವರ್ಷಗಳಿಂದ ಗಮನಿಸಿದ್ದಳೋ!

ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ 2015ರಲ್ಲಿ ಅವನನ್ನು ಹುಡುಕಿದೆ. ದೂರವೇನೂ ಇರಲಿಲ್ಲ. ನಮ್ಮ ಮನೆಗೆ ಸಮೀಪದ ಸುಂಕದಕಟ್ಟೆಯಲ್ಲೇ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದ. ಗುರುತು ಹಿಡಿದು, ಕೈ ಒರೆಸಿಕೊಂಡು, ಕುರ್ಚಿ ಹಾಕಿದ. ಹುಬ್ಬಿನ ಮೇಲೆ ಸಣ್ಣ ಗೀರು ಇನ್ನೂ ಇತ್ತು. ನಾನು ಬಂದ ಕಾರಣವನ್ನು ತಡವರಿಸುತ್ತ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

"ಏಟು ಅವತ್ತೇ ಮರೆತುಹೋಗ್ತಿತ್ತು ಸಾರ್, ಮನೇಲೂ ತಿಂತಿದ್ವಿ. ಆಮೇಲೆ ಎಲ್ಲರ ಮುಂದೆ, ನಿನ್ನಂಥವನು ಓದಿ ಏನಾಗಬೇಕು ಅಂದ್ರಿ. ಅದು ಮಾತ್ರ ಮರೀಲಿಲ್ಲ."

ಆ ಮಾತನ್ನು ನಾನು ಆಡಿದ್ದೆನೆಂಬ ನೆನಪೇ ನನಗಿರಲಿಲ್ಲ. ಅಷ್ಟು ವರ್ಷ ನಾನು ದೇವರ ಮುಂದೆ ಒಪ್ಪಿಕೊಳ್ಳುತ್ತ ಬಂದದ್ದು ಏಟನ್ನು. ಅವನನ್ನು ಶಾಲೆಯಿಂದ ಹೊರಗಟ್ಟಿದ್ದು ಮಾತು. ನನ್ನ ತಪ್ಪಿನ ನಿಜವಾದ ಲೆಕ್ಕ ನನ್ನಲ್ಲಿರಲಿಲ್ಲ, ಆ ವರ್ಕ್‌ಶಾಪಿನಲ್ಲಿತ್ತು. ಒಳಗೊಳಗೇ ಹೇಳಿಕೊಂಡರೆ ಸಾಲದು ಎಂದು ನಾನು ಮೊದಲಿಗೆ ಹೇಳಿದ್ದು ಈ ಕಾರಣಕ್ಕೆ. ದೇವರು ಎಲ್ಲವನ್ನೂ ಬಲ್ಲವನಿರಬಹುದು. ಆದರೆ ನಾವು ಅವನ ಮುಂದೆ ಇಡುವುದು ನಮಗೆ ತಿಳಿದಷ್ಟನ್ನು, ಅದರಲ್ಲೂ ನಮಗೆ ಸಹ್ಯವಾದಷ್ಟನ್ನು ಮಾತ್ರ. ಉಳಿದದ್ದನ್ನು ನೊಂದವರೇ ಹೇಳಬೇಕು.

ಅವನು ಕ್ಷಮಿಸಿದೆನೆಂದು ಹೇಳಲಿಲ್ಲ, ನಾನು ಒತ್ತಾಯಿಸಲೂ ಇಲ್ಲ. ಕಾಫಿ ತರಿಸಿದ. ಹೊರಡುವಾಗ ಬಾಗಿಲವರೆಗೆ ಬಂದು, "ಬಂದ್ರಲ್ಲ ಸಾರ್" ಎಂದಷ್ಟೇ ಅಂದ. ಮನೆಗೆ ಬಂದು ನಡೆದುದನ್ನೆಲ್ಲ ನನ್ನ ಶ್ರೀಮತಿಗೆ ಹೇಳಿದೆ. ಮಾರನೆಯ ಡಯಾಲಿಸಿಸ್ ದಿನ ಆ ನರ್ಸಮ್ಮನನ್ನೂ ಕಂಡು ತಪ್ಪಾಯಿತೆಂದೆ. ಅದನ್ನು ಹೇಳಲು ಕೋಪಕ್ಕಿಂತ ಹೆಚ್ಚು ಶಕ್ತಿ ಬೇಕಾಯಿತು. ಆ ಶಕ್ತಿ ಎಲ್ಲಿಂದ ಬಂತೆಂದು ಕೇಳಿದರೆ, ದೇವರಿಂದ ಎಂದೇ ನಾನು ಹೇಳುತ್ತೇನೆ. ಒಪ್ಪದವರು ಹೆಂಡತಿಯಿಂದ ಎಂದುಕೊಳ್ಳಲಿ, ನನಗೆ ಅಭ್ಯಂತರವಿಲ್ಲ.

ಕೋಪ ಪೂರ್ತಿಯಾಗಿ ಹೋಗಿದೆಯೇ? ಇಲ್ಲ. ಬಂದದ್ದು ಗೊತ್ತಾಗುತ್ತದೆ, ಆಗಾಗ ಬಾಯಿಗೆ ಬರುವ ಮುನ್ನವೇ ಗೊತ್ತಾಗುತ್ತದೆ. ಶನಿವಾರದ ಸರದಿಯಲ್ಲಿ ಈಗಲೂ ನಿಲ್ಲುತ್ತೇನೆ. ಆದರೆ "ಕೋಪವನ್ನು ತೆಗೆದುಬಿಡು" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಈ ವಾರ ಯಾರಿಗೆ ನೋಯಿಸಿದೆನೋ ಅವರ ಮುಂದೆ ಹೋಗಿ ನಿಲ್ಲುವ ಧೈರ್ಯ ಕೊಡು ಎಂದು ಕೇಳುತ್ತೇನೆ. ನನ್ನ ಅನುಭವದಲ್ಲಿ, ಈ ಹರಕೆ ಒಮ್ಮೆಯೂ ಹುಸಿಯಾಗಿಲ್ಲ. ಧೈರ್ಯ ಬಂದ ಮೇಲೂ ಹೋಗದೆ ಉಳಿದದ್ದುಂಟು, ಅದು ನನ್ನ ತಪ್ಪು.